ಸಂಬಳದ ಕೆಲಸ ಬಿಟ್ಟು ವೈಂಡಿಂಗ್ ಅಂಗಡಿ ಇಟ್ಟಿದ್ದು

ದಾವಣಗೆರೆಯ ಹಿರಿಯರಿಗೆ ಖಾಯಂ ಕೆಲಸ ಅಂದ ಕೂಡಲೇ ನೆನಪಾಗೋದು ಕಾಟನ್ ಮಿಲ್. ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರು ಬಂದಿದ್ದೇ ಆ ಮಿಲ್‌ಗಳಿಂದ. ನಮ್ಮಪ್ಪನೂ ಅಲ್ಲಿ ಪಾಳಿ ಮೇಲೆ ದುಡಿದವರು. ಮಿಲ್‌ಗಳು ಒಂದೊಂದಾಗಿ ಮುಚ್ಚಿದವು. ಅಪ್ಪ ನಲವತ್ತು ದಾಟಿದ ಮೇಲೆ ಬೇರೆ ಕೆಲಸ ಹುಡುಕಬೇಕಾಯಿತು. ಆದರೂ ನಾನು ಕೆಲಸ ಬಿಡುತ್ತೇನೆ ಅಂದಾಗ ಮೊದಲು ಬೇಡ ಅಂದವರು ಅವರೇ. "ಒಂದನೇ ತಾರೀಖಿಗೆ ದುಡ್ಡು ಬರೋದು ಸಣ್ಣ ಮಾತಲ್ಲಪ್ಪಾ" ಅಂದರು. ಆ ಮಾತು ನಿಜ. ಅದಕ್ಕೇ ಆ ದುಡ್ಡಿನ ಪೂರ್ತಿ ಲೆಕ್ಕ ಹಾಕಿದ ಮೇಲೇ ನಾನು ಹೊರಬಂದಿದ್ದು.

ನಾನು ಐಟಿಐ ಎಲೆಕ್ಟ್ರಿಷಿಯನ್. ಒಂದು ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ನೋಡಿಕೊಳ್ಳುತ್ತಿದ್ದೆ. ಪಾಳಿ ಮುಗಿದ ಮೇಲೆ ಮನೆ ಮುಂದಿನ ಶೀಟಿನ ಕೆಳಗೆ ಮೋಟಾರ್ ರಿಪೇರಿ, ಅಂದರೆ ಸುಟ್ಟ ಮೋಟಾರಿಗೆ ಹೊಸ ತಾಮ್ರದ ವೈರು ಸುತ್ತುವ ವೈಂಡಿಂಗ್ ಮಾಡುತ್ತಿದ್ದೆ. ಎರಡು ಬೇಸಿಗೆ ಹಾಗೇ ನಡೆಸಿದ್ದರಿಂದ ಗಿರಾಕಿ ಬರ್ತಾರಾ ಇಲ್ವಾ ಅನ್ನೋ ಅನುಮಾನ ಉಳಿಯಲಿಲ್ಲ. ಪ್ರಶ್ನೆ ಇದ್ದಿದ್ದು ಭದ್ರತೆಯದು.

ಕೈಗೆ ಬರುವ ಸಂಬಳವನ್ನೂ ಅಂಗಡಿಯ ಗಲ್ಲಾವನ್ನೂ ಪಕ್ಕಪಕ್ಕ ಇಟ್ಟು ನೋಡುವವರೇ ಜಾಸ್ತಿ. ಅದು ಸರಿಯಾದ ಲೆಕ್ಕ ಅಲ್ಲ. 15,000 ರೂಪಾಯಿ ಮೂಲ ಸಂಬಳ ಅಂತ ಇಟ್ಟುಕೊಳ್ಳಿ. ಪಿಎಫ್‌ಗೆ ಮಾಲೀಕರು ತಮ್ಮ ಪಾಲು 12% ಅಂದರೆ 1,800 ಹಾಕುತ್ತಾರೆ. ನೌಕರರ ಆಸ್ಪತ್ರೆ ಖರ್ಚು ನೋಡಿಕೊಳ್ಳುವ ಇಎಸ್‌ಐಗೆ ಅವರ ಪಾಲು 3.25%, ಹತ್ತಿರ ಹತ್ತಿರ 490. ಐದು ವರ್ಷ ತುಂಬಿದವರಿಗೆ ಕೆಲಸ ಬಿಡುವಾಗ ಒಟ್ಟಿಗೆ ಸಿಗುವ ಗ್ರಾಚ್ಯುಟಿ ಇದೆ. ವರ್ಷಕ್ಕೆ 15 ದಿನದ ಸಂಬಳ, ತಿಂಗಳನ್ನು 26 ದಿನ ಅಂತ ಹಿಡಿದು ಲೆಕ್ಕ ಹಾಕುತ್ತಾರೆ. ಅದು ತಿಂಗಳಿಗೆ 720ರಷ್ಟು ಬೀಳುತ್ತದೆ. ಮೂರೂ ಸೇರಿದರೆ 3,000 ದಾಟುತ್ತದೆ. ಬೋನಸ್ಸು, ಸಂಬಳದ ರಜೆ ಬೇರೆ. ಅಂಗಡಿ ಬಾಡಿಗೆ, ಕರೆಂಟು, ವೈರು, ಹುಡುಗನ ಕೂಲಿ ಎಲ್ಲಾ ಕಳೆದು ಸಂಬಳದ ಜೊತೆ ಇಷ್ಟೂ ಉಳಿದರೆ ಮಾತ್ರ ಕೆಲಸಕ್ಕೆ ಸಮ. ಈ ಲೆಕ್ಕ ಹಾಕಿದ ಮೇಲೆ ನನಗೆ ಧೈರ್ಯ ಬಂತು. ಭದ್ರತೆ ಅನ್ನುವುದಕ್ಕೆ ಒಂದು ಬೆಲೆ ಇದೆ, ಆ ಬೆಲೆಯನ್ನು ನಾನೂ ಕಟ್ಟಬಹುದು ಅಂತ ಗೊತ್ತಾಯಿತು.

ಬಿಡುವ ಮುಂಚೆ ಮೂರು ಕೆಲಸ ಮುಗಿಸಿಕೊಂಡೆ. ಪಿಎಫ್ ಪಿಂಚಣಿಗೆ 10 ವರ್ಷದ ಸೇವೆ ಬೇಕು, ಅದು ತುಂಬುವವರೆಗೆ ಕಾದೆ. 58 ಆದ ಮೇಲೆ ಚಿಕ್ಕದಾದರೂ ಒಂದು ಪಿಂಚಣಿ ಬರುತ್ತದೆ. ಎರಡನೆಯದು ಆರೋಗ್ಯ ವಿಮೆ. ಅಮ್ಮನಿಗೆ ಶುಗರ್ ಇದೆ. ಮೊದಲೇ ಇರುವ ಕಾಯಿಲೆಗೆ ಪಾಲಿಸಿ ಮಾಡಿಸಿದ ಕೂಡಲೇ ದುಡ್ಡು ಸಿಗುವುದಿಲ್ಲ, ಕೆಲವು ವರ್ಷ ಕಾಯಬೇಕು. ಇಎಸ್‌ಐ ಇರುವಾಗಲೇ ಪಾಲಿಸಿ ಮಾಡಿಸಿದರೆ ಆ ಕಾಯುವ ಕಾಲ ಒಳಗೊಳಗೇ ಕಳೆಯುತ್ತದೆ. ಮೂರನೆಯದು ಮನೆ ರಿಪೇರಿಯ ಸಾಲ. ಸಂಬಳದ ಚೀಟಿ ಇದ್ದಾಗ ಬ್ಯಾಂಕಿನವರು ಬೇಗ ಒಪ್ಪುತ್ತಾರೆ. ಸ್ವಂತ ಉದ್ಯೋಗ ಅಂದರೆ ಹಿಂದಿನ ವರ್ಷಗಳ ಐಟಿ ರಿಟರ್ನ್ ಕೇಳುತ್ತಾರೆ. ಹಾಗಾಗಿ ಮನೆ ಸಾಲವನ್ನು ಮೊದಲೇ ತೆಗೆದು, ಮುಕ್ಕಾಲು ಭಾಗ ತೀರಿಸಿದ ಮೇಲೆ ರಾಜೀನಾಮೆ ಕೊಟ್ಟೆ.

ಅಂಗಡಿಗೆ ಮುದ್ರಾ ಸಾಲ, ಅಂದರೆ ಸಣ್ಣ ವ್ಯಾಪಾರಕ್ಕೆ ಕೇಂದ್ರದ ಯೋಜನೆಯಲ್ಲಿ ಸಿಗುವ ಸಾಲ ತೆಗೆದುಕೊಂಡೆ. ಕಿಶೋರ್ ಅನ್ನುವ ಹಂತದಲ್ಲಿ 50,000ದಿಂದ 5 ಲಕ್ಷದವರೆಗೆ ಅಡಮಾನ ಇಲ್ಲದೆ ಕೊಡುತ್ತಾರೆ. ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಹೆಸರು ದಾಖಲಿಸುವ ಉದ್ಯಮ್ ನೋಂದಣಿ ಪೂರ್ತಿ ಉಚಿತ. ಅದಕ್ಕೆ ಯಾರಾದರೂ ಸಾವಿರ ಕೇಳಿದರೆ ಕೊಡಬೇಡಿ.

ಇನ್ನು ಕೆಲಸದ ವಿಷಯ. ಬೋರ್ ಮೋಟಾರ್ ಸುಡೋದು ಬೇಸಿಗೆಯಲ್ಲೇ ಜಾಸ್ತಿ. ನೀರು ಕೆಳಗೆ ಇಳಿದಿರುತ್ತದೆ, ವೋಲ್ಟೇಜ್ ಇರುವುದಿಲ್ಲ. ಜಗಳೂರು ಕಡೆಯಿಂದ, ಚನ್ನಗಿರಿಯ ಅಡಿಕೆ ತೋಟಗಳಿಂದ ಮೋಟಾರ್ ಬರುತ್ತಲೇ ಇರುತ್ತವೆ. ನೀರಿನೊಳಗೇ ಇಳಿಸುವ ಸಬ್‌ಮರ್ಸಿಬಲ್ ಮೋಟಾರಿಗೆ ಒಂದೊಂದು ಸುತ್ತನ್ನೂ ಕೈಯಲ್ಲೇ ಸ್ಲಾಟಿನ (ವೈರು ಕೂರುವ ಸೀಳಿನ) ಒಳಗೆ ಎಳೆಯಬೇಕು. ವೈರಿನ ಮೇಲಿನ ಪದರ ಒಂದು ಕಡೆ ಗೀಚಿದರೂ ನೀರಿಗಿಳಿದ ಮೇಲೆ ಶಾರ್ಟ್ ಆಗುತ್ತದೆ. ಹಳೆ ವೈಂಡಿಂಗ್ ಬಿಚ್ಚುವಾಗ ರೈತರನ್ನು ಪಕ್ಕದಲ್ಲೇ ಕೂರಿಸಿಕೊಳ್ಳುತ್ತೇನೆ. ಮೂರು ಕಾಯಿಲಿನ ಒಂದೊಂದು ತುದಿಯನ್ನು ಒಟ್ಟಿಗೆ ಸೇರಿಸಿರುವ ಸ್ಟಾರ್ ಕನೆಕ್ಷನ್ ಮೋಟಾರಿನಲ್ಲಿ ಎರಡು ಫೇಸಿನ (ಕರೆಂಟಿನ ಮೂರು ಲೈನಿನಲ್ಲಿ ಎರಡರ) ಕಾಯಿಲ್ ಕಪ್ಪಾಗಿ, ಮೂರನೆಯದು ಹೊಸದರ ಹಾಗೇ ಇದ್ದರೆ, ಒಂದು ಫೇಸ್ ಹೋದಾಗಲೂ ಮೋಟಾರ್ ಓಡಿದೆ ಅಂತ ಅರ್ಥ. "ನೋಡಿ ಯಜಮಾನ್ರೇ, ಇದು ಮೋಟಾರಿನ ತಪ್ಪಲ್ಲ. ಸ್ಟಾರ್ಟರ್‌ಗೆ ಒಂದು ಫೇಸ್ ಹೋದರೆ ಮೋಟಾರ್ ನಿಲ್ಲಿಸೋ ಪ್ರಿವೆಂಟರ್ ಹಾಕಿಸಿ" ಅಂತ ಕಾಯಿಲ್ ಮುಟ್ಟಿಸಿ ತೋರಿಸುತ್ತೇನೆ. ಸುಟ್ಟ ತಾಮ್ರವನ್ನು ಅವರೆದುರೇ ತೂಗಿ ಬಿಲ್ಲಿನಲ್ಲಿ ಬರೆಯುತ್ತೇನೆ. ಈ ನಂಬಿಕೆಯೇ ನನ್ನ ಬಂಡವಾಳ. ಕಾರ್ಖಾನೆಯಲ್ಲಿ ಎಷ್ಟೇ ಚೆನ್ನಾಗಿ ಕೆಲಸ ಮಾಡಿದರೂ ಅದು ನನ್ನ ಹೆಸರಿಗೆ ಸೇರುತ್ತಿರಲಿಲ್ಲ. ಇದು ಸೇರುತ್ತದೆ.

ಕಷ್ಟ ಇರೋದು ಉದ್ರಿಯಲ್ಲಿ. ಮೋಟಾರ್ ಸುಟ್ಟಾಗ ರೈತನ ಕೈಯಲ್ಲಿ ದುಡ್ಡಿರುವುದಿಲ್ಲ, ಬೆಳೆ ಒಣಗುತ್ತಿರುತ್ತದೆ. ಇಲ್ಲ ಅನ್ನೋಕೆ ಮನಸ್ಸು ಬರಲ್ಲ. ಮೆಕ್ಕೆಜೋಳ ಮಾರಿದ ಮೇಲೆ ಕೊಡ್ತೀನಿ ಅಂತಾರೆ, ಬಹಳ ಜನ ಕೊಡುತ್ತಾರೆ ಕೂಡ. ಆದರೆ ವೈರಿನ ಅಂಗಡಿಯವರು ಅಲ್ಲಿಯವರೆಗೆ ಕಾಯುವುದಿಲ್ಲ. ಅದಕ್ಕೆ ತಾಮ್ರದ ದುಡ್ಡು ನಗದು, ಕೂಲಿ ಮಾತ್ರ ಉದ್ರಿ ಅಂತ ಬೋರ್ಡಿನಲ್ಲೇ ಬರೆಸಿದ್ದೇನೆ. ಮಳೆಗಾಲದಲ್ಲಿ ಕೆಲಸ ಕಡಿಮೆ. ಆಗ ಬೇಸಿಗೆಯಲ್ಲಿ ಬೇರೆ ಖಾತೆಗೆ ಹಾಕಿಟ್ಟ ದುಡ್ಡಿನಿಂದ ಪ್ರತಿ ಒಂದನೇ ತಾರೀಖು ಮನೆ ಖಾತೆಗೆ ಅಷ್ಟೇ ಮೊತ್ತ ಹೋಗುತ್ತದೆ. ನನ್ನ ಹೆಂಡತಿ ಕೇಳಿದ್ದು ಇದೊಂದೇ, "ಜಾಸ್ತಿ ಬೇಡ ರೀ, ತಾರೀಖು ತಪ್ಪಬಾರದು" ಅಂತ. ದೀರ್ಘಾವಧಿ ಉಳಿತಾಯದ ಪಿಪಿಎಫ್‌ ಖಾತೆಗೂ ಬೇಸಿಗೆಯಲ್ಲೇ ಒಟ್ಟಿಗೆ ಕಟ್ಟುತ್ತೇನೆ.

ಬಿಡಲಾ ಬೇಡವಾ ಅಂತ ಕೇಳಲು ಕಾರ್ಖಾನೆ ಹುಡುಗರು ಈಗಲೂ ಬರುತ್ತಾರೆ. ದೊಡ್ಡ ಕಂತು ಇದ್ದು, ಮನೆಯಲ್ಲಿ ಬೇರೆ ಯಾರ ದುಡಿಮೆಯೂ ಇಲ್ಲದಿದ್ದರೆ ಈಗ ಬೇಡ ಅಂತೀನಿ. ಸಂಜೆ ಕೆಲಸ ಮಾಡಿ ಒಂದು ಮಳೆಗಾಲ ನೋಡು ಅಂತೀನಿ. ಬೇಸಿಗೆ ನೋಡಿ ಲೆಕ್ಕ ಹಾಕಿದರೆ ಎಲ್ಲರಿಗೂ ಲಾಭವೇ ಕಾಣುತ್ತದೆ.

ನನ್ನ ಹತ್ತಿರ ಒಬ್ಬ ಹುಡುಗ ಕೆಲಸಕ್ಕಿದ್ದಾನೆ. ಒಬ್ಬನೇ ಇರೋದರಿಂದ ಪಿಎಫ್ ಕಡ್ಡಾಯ ಅಲ್ಲ. ಕೂಲಿಯ ಜೊತೆಗೆ ಅವನ ಅಟಲ್ ಪಿಂಚಣಿ ಕಂತನ್ನೂ ವರ್ಷಕ್ಕೆ 20 ರೂಪಾಯಿಯ ಅಪಘಾತ ವಿಮೆಯನ್ನೂ ನಾನೇ ಕಟ್ಟುತ್ತೇನೆ.