ನ್ಯೂಯಾರ್ಕಿನಲ್ಲಿ ಟಿಪ್ಸ್: ಯಾರಿಗೆ, ಎಷ್ಟು, ಯಾವಾಗ

ನ್ಯೂಯಾರ್ಕಿಗೆ ಹೊರಟಿದ್ದೀರಾ? ಹಾಗಾದರೆ ಟಿಪ್ಸ್ ಅಂದರೆ ಖುಷಿಯಾದರೆ ಕೊಡೋ ಚಿಲ್ಲರೆ ಅನ್ನೋದನ್ನ ಇಲ್ಲೇ ಬಿಟ್ಟು ಹೋಗಿ. ಅಲ್ಲಿ ಅದು ಊಟದ ಖರ್ಚಿನದೇ ಒಂದು ಭಾಗ. ಸರ್ವರ್‌ಗಳಿಗೆ ಮಾಲೀಕರು ಮಾಮೂಲಿ ಕನಿಷ್ಠ ಕೂಲಿಗಿಂತ ಕಡಿಮೆ ಕೊಡಬಹುದು ಅಂತ ಕಾನೂನೇ ಹೇಳುತ್ತದೆ, ಉಳಿದದ್ದು ಗಿರಾಕಿಯ ಜೇಬಿನಿಂದ ಬರಬೇಕು. ವಿಚಿತ್ರ ಪದ್ಧತಿ, ಒಪ್ಪುತ್ತೇನೆ. ಆದರೆ ಆ ಸಿಟ್ಟನ್ನು ಪ್ಲೇಟು ತಂದಿಟ್ಟವರ ಮೇಲೆ ತೀರಿಸಿಕೊಳ್ಳೋದು ಸರಿಯಲ್ಲ ಅಲ್ವಾ?

ಕೂತು ಊಟ ಮಾಡುವ ಕಡೆ ಶೇ. 18ರಿಂದ 20 ಕೊಡಿ. ಲೆಕ್ಕ ಸುಲಭ: ನಗರದಲ್ಲಿ ಸೇಲ್ಸ್ ಟ್ಯಾಕ್ಸ್ ಶೇ. 8.875, ಅದು ಬಿಲ್ಲಿನಲ್ಲೇ ಇರುತ್ತದೆ, ಅದನ್ನು ಎರಡರಷ್ಟು ಮಾಡಿ ಸ್ವಲ್ಪ ಮೇಲೆ ಹಾಕಿದರೆ ಆಯಿತು. 60 ಡಾಲರ್ ಊಟಕ್ಕೆ ಟ್ಯಾಕ್ಸ್ 5.33 ಬಂದರೆ ಟಿಪ್ಸ್ 11 ಅಥವಾ 12 ಡಾಲರ್. ಎಷ್ಟೋ ಕಡೆ ಕಾರ್ಡ್ ತೆಗೆದುಕೊಂಡು ಹೋಗಿ ಎರಡು ಚೀಟಿ ತರುತ್ತಾರೆ. ಟಿಪ್ಸ್ ಸಾಲಿನಲ್ಲಿ ಮೊತ್ತ ಬರೆದು, ಕೆಳಗೆ ಒಟ್ಟು ಕೂಡಿ, ಸಹಿ ಹಾಕಿ ಒಂದನ್ನು ಅಲ್ಲೇ ಇಡಿ. ಐದಾರು ಜನ ಹೋಗಿದ್ದರೆ ಮಾತ್ರ ಬರೆಯೋ ಮುಂಚೆ ಬಿಲ್ ಪೂರ್ತಿ ಓದಿ, ಟಿಪ್ಸನ್ನೇ ಗ್ರಾಚ್ಯುಟಿ ಅನ್ನೋ ಹೆಸರಲ್ಲಿ ಮೊದಲೇ ಸೇರಿಸಿರಬಹುದು, ಸುಮ್ನೆ ಎರಡು ಸಲ ಕೊಟ್ಟು ಬರಬೇಡಿ. ಸರ್ವಿಸ್ ಚೆನ್ನಾಗಿಲ್ಲದಿದ್ದರೆ ಶೇ. 15 ಇಟ್ಟು ಮ್ಯಾನೇಜರ್‌ಗೆ ಹೇಳಿ. ಏನೂ ಕೊಡದೆ ಎದ್ದು ಬಂದರೆ ಮರೆತಿರಿ ಅಂದುಕೊಳ್ಳುತ್ತಾರೆ, ಇಲ್ಲಾ ಜುಗ್ಗ ಅಂದುಕೊಳ್ಳುತ್ತಾರೆ.

ಕೌಂಟರಿನಲ್ಲಿ ಕಾಫಿ ಕೊಂಡಾಗ ಟಿಪ್ಸ್ ಎಷ್ಟು ಅಂತ ಕೇಳುವ ಟ್ಯಾಬ್ಲೆಟ್ ಸ್ಕ್ರೀನನ್ನು ನಿಮ್ಮ ಕಡೆ ತಿರುಗಿಸುತ್ತಾರೆ, ಅಲ್ಲಿ ಮುಜುಗರ ಬೇಡ. ಹಿಂದೆ ಕ್ಯೂ ಇದ್ದರೂ ಪರವಾಗಿಲ್ಲ, ಆರಾಮಾಗಿ 'ನೋ ಟಿಪ್' ಒತ್ತಬಹುದು. ಹಳದಿ ಟ್ಯಾಕ್ಸಿಯ ಸ್ಕ್ರೀನ್ ಶೇ. 20ರಿಂದಲೇ ಶುರು ಮಾಡಿದರೂ ನಿಮ್ಮ ಮೊತ್ತ ನೀವೇ ಹಾಕಬಹುದು, ಶೇ. 15ರಿಂದ 20 ಸಾಕು. ಬಾರಿನಲ್ಲಿ ಒಂದು ಡ್ರಿಂಕಿಗೆ 1–2 ಡಾಲರ್.

ಹೋಟೆಲಿನಲ್ಲಿ ಲಗೇಜ್ ಹೊತ್ತವರಿಗೆ ಬ್ಯಾಗಿಗೆ 1–2 ಡಾಲರ್ ಕೊಡುತ್ತೀರಿ, ಯಾಕೆಂದರೆ ಅವರು ಎದುರಿಗೇ ನಿಂತಿರುತ್ತಾರೆ. ರೂಮ್ ಕ್ಲೀನ್ ಮಾಡುವವರು ಕಣ್ಣಿಗೆ ಬೀಳೋದಿಲ್ಲ, ಹಾಗಾಗಿ ಮರೆತೇಹೋಗುತ್ತದೆ. ಅವರಿಗೆ ರಾತ್ರಿಗೆ 2ರಿಂದ 5 ಡಾಲರ್ ಲೆಕ್ಕದಲ್ಲಿ ದಿನಾ ಬೆಳಿಗ್ಗೆ ಇಡಿ. ಕೊನೇ ದಿನ ಒಟ್ಟಿಗೆ ಇಟ್ಟರೆ ಅಷ್ಟು ದಿನ ಕ್ಲೀನ್ ಮಾಡಿದವರಿಗೆ ಸಿಗದೆ ಇನ್ಯಾರಿಗೋ ಹೋಗಬಹುದು. ಜೊತೆಗೆ 'ಥ್ಯಾಂಕ್ಸ್' ಅಂತ ಒಂದು ಚೀಟಿ ಇರಲಿ, ಇಲ್ಲದಿದ್ದರೆ ನೀವು ಮರೆತ ದುಡ್ಡು ಅಂತ ಮುಟ್ಟದೇ ಬಿಡುತ್ತಾರೆ. ಇದಕ್ಕೆಲ್ಲಾ ಒಂದು ಡಾಲರ್ ನೋಟುಗಳು ಜಾಸ್ತಿ ಬೇಕಾಗುತ್ತವೆ, ಬಂದ ದಿನವೇ ಏನಾದರೂ ಕೊಂಡು 20ರ ನೋಟು ಮುರಿಸಿಕೊಳ್ಳಿ.