ರೈಟ್ ಅಂದ್ರ ಗಾಡಿ ಬಿಡೂದು

ಬ್ಯಾಡಗಿ ಹತ್ತಿರದ ಹಳ್ಳಿಯಲ್ಲಿ ನಮ್ಮ ಮನೆ ಪಡಸಾಲೆಯೇ ನನ್ನ ಟ್ಯೂಷನ್ ಕ್ಲಾಸು. ಬರುವವರು ಮೂರನೇ, ನಾಲ್ಕನೇ ಇಯತ್ತೆ ಮಕ್ಕಳು.

ಮೊದಲ ವರ್ಷ ನಾನೂ ಎಲ್ಲರ ಹಾಗೇ ಮಾಡಿದೆ. ದಿನಕ್ಕೆ ಹತ್ತು ಇಂಗ್ಲಿಷ್ ಶಬ್ದ, ಎದುರಿಗೆ ಕನ್ನಡ ಅರ್ಥ, ಮಗ್ಗಿ ಹೇಳಿದ ಹಾಗೆ ಬಾಯಿಪಾಠ. ರೈಟ್ ಅಂದ್ರೆ ಸರಿ, ಹಾಟ್ ಅಂದ್ರೆ ಬಿಸಿ. ಒಂದು ದಿನ ಸುಮ್ನೆ, ರೈಟ್ ಹ್ಯಾಂಡ್ ಎತ್ತರಿ ಅಂದೆ. ಯಾರೂ ಎತ್ತಲಿಲ್ಲ. ಒಬ್ಬ ಹುಡುಗ, "ಅಕ್ಕೋರ, ರೈಟ್ ಅಂದ್ರ ಗಾಡಿ ಬಿಡೂದಲ್ರೀ?" ಅಂದ. ನಗು ಬಂತು. ಆದರೆ ಅವನದ್ದೇನು ತಪ್ಪು? ಹಾವೇರಿ ಬಸ್ಸಿನಲ್ಲಿ ಕಂಡಕ್ಟರ್ ರೈಟ್ ಅಂದರೆ ಬಸ್ಸು ಹೊರಡುತ್ತೆ, ಹೋಲ್ಡಾನ್ ಅಂದರೆ ನಿಲ್ಲುತ್ತೆ, ನಾನು ಬೋರ್ಡ್ ಮೇಲೆ ಬರೆದಿದ್ದಕ್ಕಿಂತ ಅವನ ಅರ್ಥವೇ ಗಟ್ಟಿ.

ಅವತ್ತೇ ಪಟ್ಟಿ ಬಿಟ್ಟೆ. ಈಗ ಮೊದಲು ಕೇಳೋದು, ಈ ಶಬ್ದ ಎಲ್ಲಿ ಕೇಳೀರಿ ಅಂತ. ಲೈಟ್ ಅಂದರೆ ಕರೆಂಟು ಅಂದರು, 'ಲೈಟ್ ಹೋಗೇತಿ' ಅಂತೀವಲ್ವಾ. ಆಗ ಒಂದು ಖಾಲಿ, ಒಂದು ತುಂಬಿದ ಪಾಟಿಚೀಲ ಎತ್ತಿಸಿದೆ. ಹಗುರ ಇರೋದೂ ಲೈಟೇ ಅಂತ ಕೈಗೇ ಗೊತ್ತಾಯಿತು. ಲಾಂಗೆಸ್ಟ್‌ಗೆ ಹುಬ್ಬಳ್ಳಿ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ ಸಾಕು. 1507 ಮೀಟರ್, ಜಗತ್ತಿನಲ್ಲೇ ಉದ್ದದ್ದು.

ಹಾಟ್‌ಗೆ ಮಾತ್ರ ಜಾಸ್ತಿ ಹೊತ್ತು ಹಿಡಿಯಿತು. ಇಂಗ್ಲಿಷಿನಲ್ಲಿ ಬಿಸಿ ಚಹಾನೂ ಹಾಟ್, ಖಾರದ ಮೆಣಸಿನಕಾಯೂ ಹಾಟ್. ನಮಗೆ ಬಿಸಿ ಬೇರೆ, ಖಾರ ಬೇರೆ. ಚಹಾ ಆರಿದರೆ ಹಾಟ್ ಹೋಯ್ತು, ಮೆಣಸಿನಕಾಯಿ ಎಷ್ಟು ಆರಿದರೂ ಹೋಗಲ್ಲ ಅಂತ ಹೇಳಿದೆ. ಮೆಣಸಿನಕಾಯಿ ಮಾರ್ಕೆಟ್ ಪಕ್ಕದ ಮಕ್ಕಳು ಬಿಡ್ತಾರಾ? "ಗುಂಟೂರು ಕಾಯಿ ಹಾಟ್ ರೀ, ನಮ್ದು ಬರೇ ರೆಡ್" ಅಂದರು. ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಮ್ಮಿ. ನಾನು ಕೊಟ್ಟ ಯಾವ ಉದಾಹರಣೆಯೂ ಇಷ್ಟು ಚೊಲೋ ಇರಲಿಲ್ಲ.

ತಲೆ ತಿಂದಿದ್ದು ಬಾರೋ (ಸಾಲ ಇಸ್ಕೊಳ್ಳೋದು) ಮತ್ತು ಲೆಂಡ್ (ಸಾಲ ಕೊಡೋದು). ಎರಡಕ್ಕೂ ಸಾಲ ಅಂತ ಬರೆಸಿದ್ದು ನನ್ನದೇ ತಪ್ಪು. ಬಾರೋ ಅಂದ ಕೂಡಲೇ ಹಿಂದಿನ ಸಾಲಿನ ಹುಡುಗ ಎದ್ದು ಬಂದೇಬಿಟ್ಟ! ಕರೆದೆ ಅಂದುಕೊಂಡಿದ್ದ. ಅದನ್ನೇ ಹಿಡಿದುಕೊಂಡೆ: ಗೆಳೆಯನ ಪೆನ್ಸಿಲ್‌ಗೆ 'ಬಾರೋ' ಅಂತ ಕರೆದು ಇಸ್ಕೊಳ್ಳೋದು ಬಾರೋ. ಈಗ ಅದು ಯಾರಿಗೂ ತಪ್ಪಲ್ಲ. ಲೆಂಡ್‌ಗೆ ಇನ್ನೂ ಇಂಥದ್ದು ಸಿಕ್ಕಿಲ್ಲ, ನಿಮಗೆ ಹೊಳೆದರೆ ಹೇಳಿ.