ವರ್ಷಗಟ್ಟಲೆ ಬಿಟ್ಟ ವಾಟರ್‌ಕಲರ್ ಮತ್ತೆ ಹಿಡಿಯೋರಿಗೆ

ನಾನು ಬ್ರಶ್ ಬಿಟ್ಟು 11 ವರ್ಷ ಆಗಿತ್ತು. ಕೆಲಸ, ಮದುವೆ, ಮಗು, ಎಲ್ಲರ ಮನೇದೂ ಅದೇ ಕಥೆ ಬಿಡಿ. ಒಂದು ಜನವರಿ ಬೆಂಗಳೂರಿನ ಚಿತ್ರಸಂತೆಗೆ ಹೋಗಿ ಕುಮಾರಕೃಪಾ ರಸ್ತೆ ಪೂರ್ತಿ ಸುತ್ತಿ ಬಂದ ಜೋಶಲ್ಲಿ ಅಟ್ಟದಿಂದ ಡಬ್ಬ ಇಳಿಸಿ ಅವತ್ತೇ ದೊಡ್ಡ ಲ್ಯಾಂಡ್‌ಸ್ಕೇಪ್‌ಗೆ ಕೈ ಹಾಕ್ದೆ, ತಲೇಲಿ ಮೈಸೂರಿನ ಹಳೇ ಕಲಾವಿದ ಕೆ. ವೆಂಕಟಪ್ಪನವರ ಊಟಿ ವಾಟರ್‌ಕಲರ್ ಚಿತ್ರಗಳು ಬೇರೆ, ಇಲ್ಲಿ ನೋಡಿದ್ರೆ ಆಕಾಶಕ್ಕೆ ಒಂದು ವಾಶ್, ಅಂದ್ರೆ ನೀರು ಜಾಸ್ತಿ ಬೆರೆಸಿದ ಬಣ್ಣದ ಒಂದು ಪದರ, ಎಳೆದಿದ್ದಕ್ಕೇ ದಡಾರ ಎದ್ದ ಹಾಗೆ ಕಲೆ ಕಲೆ. ಕೈಯೇ ಹೋಯ್ತು ಅನ್ಕೊಂಡು ಮೂರು ವಾರ ಮತ್ತೆ ಮುಟ್ಟಲಿಲ್ಲ. ಆಮೇಲೆ ಗೊತ್ತಾಯ್ತು, ಕೆಟ್ಟಿದ್ದು ಕೈ ಅಲ್ಲ, ಪೇಪರ್.

ಅದಕ್ಕೇ ಮೊದಲು ಸಾಮಾನು ನೋಡ್ಕೊಳ್ಳಿ. ವಾಟರ್‌ಕಲರ್ ಪೇಪರ್ ನೀರನ್ನ ಒಂದೇ ಸಲಕ್ಕೆ ಹೀರಬಾರ್ದು ಅಂತ ಜೆಲಾಟಿನ್ ಥರದ ಅಂಟು ಹಾಕಿರ್ತಾರೆ, ಸೈಜಿಂಗ್ ಅಂತಾರಲ್ಲ ಅದು. ಅಟ್ಟದಲ್ಲಿ ನಾಲ್ಕು ಮಳೆಗಾಲ ತೇವ ಕುಡಿದ್ರೆ ಅದು ಅಲ್ಲಲ್ಲಿ ಕೆಟ್ಟೋಗಿ ಬಣ್ಣ ಆ ಜಾಗದಲ್ಲಿ ಸೀದಾ ಒಳಗೆ ಇಳಿದುಬಿಡುತ್ತೆ. ಒಂದು ತುಂಡಿಗೆ ತೆಳು ವಾಶ್ ಹಾಕಿ ನೋಡಿ, ಚುಕ್ಕೆ ಎದ್ರೆ ಆ ಪೇಪರ್ ಪೆನ್ಸಿಲ್‌ಗೆ ಇಟ್ಕೊಳ್ಳಿ. 300 ಜಿಎಸ್‌ಎಂ, ಅಂದ್ರೆ ಚದರ ಮೀಟರಿಗೆ 300 ಗ್ರಾಂ ತೂಗೋ ದಪ್ಪ ಪೇಪರಿನ ಹೊಸ ಶೀಟ್ ಒಂದೇ ಒಂದು ಸಾಕು, 22×30 ಇಂಚಿಂದು ತಂದು ಕತ್ತರಿಸಿದ್ರೆ 4×6ರ 25 ತುಂಡು ಬರುತ್ತೆ, ಹಾಳಾದ್ರೂ ಹೊಟ್ಟೆ ಉರಿಯಲ್ಲ.

ಟ್ಯೂಬ್ ಕಲ್ಲಾಗಿದ್ರೆ ಬಿಸಾಕ್ಬೇಡಿ. ಬ್ಲೇಡಲ್ಲಿ ಸೀಳಿ ಬಣ್ಣದ ಗಟ್ಟಿನ ಪ್ಯಾಲೆಟ್‌ಗೆ ಹಾಕಿ ನಾಲ್ಕು ಹನಿ ನೀರು ಬಿಟ್ಟು ರಾತ್ರಿ ಹಾಗೇ ಇಡಿ, ಅದರಲ್ಲಿರೋದು ಗೋಂದು ತಾನೇ, ಮತ್ತೆ ಕರಗುತ್ತೆ. ಬೂಷ್ಟು ಹಿಡಿದಿದ್ರೆ ಮಾತ್ರ ಕಸಕ್ಕೆ. ಅಕ್ರಿಲಿಕ್ ಒಣಗಿದ್ರೆ ಏನೂ ಮಾಡಕ್ಕಾಗಲ್ಲ.

ಮೊದಲ ವಾರ ಚಿತ್ರ ಮಾಡ್ಲೇಬೇಡಿ. ಯಾವುದಾದ್ರೂ ಒಂದೇ ಕಡು ಬಣ್ಣ ತಗೊಂಡು ಕಡುವಿಂದ ತೆಳುವಿಗೆ ಐದು ಚೌಕ ತುಂಬಿ, ದಿನಾ ಒಂದು ತುಂಡು, 15 ನಿಮಿಷ. ಬೋರ್ ಹೊಡೆಯುತ್ತೆ, ನಿಜ. ಆದ್ರೆ ವಾಟರ್‌ಕಲರ್ ಒಣಗಿದ್ಮೇಲೆ ತೆಳು ಆಗುತ್ತಲ್ಲ, ಎಷ್ಟು ತೆಳು ಆಗುತ್ತೆ ಅನ್ನೋ ಅಂದಾಜೇ ಮೊದಲು ತಪ್ಪಿಹೋಗಿರೋದು, ಬ್ರಶ್ಶಲ್ಲಿ ಎಷ್ಟು ನೀರಿದೆ ಅನ್ನೋದೂ ಅಷ್ಟೇ. ಅದೆರಡು ಬಂದ್ರೆ ಮುಕ್ಕಾಲು ವಾಪಸ್ ಬಂದ ಹಾಗೆ. ಹಳೇ ಸ್ಕೆಚ್‌ಬುಕ್ ಮಾತ್ರ ಈ ವಾರ ತೆಗೀಬೇಡಿ, ನಾನು ತೆಗೆದು ಪಟ್ಟಿದ್ದು ಸಾಕು.

ಎರಡನೇ ವಾರ ಅಡುಗೆಮನೆಗೆ ಹೋಗಿ. ನನಗೆ ತುಂಬ ಕಲಿಸಿದ್ದು ಒಡೆದ ಅರ್ಧ ತೆಂಗಿನಕಾಯಿ. ಒಳಗಿನ ಬಿಳಿಗೆ ಬಣ್ಣ ಇಲ್ಲ, ಪೇಪರ್‌ನೇ ಬಿಡ್ಬೇಕು, ಬಟ್ಟಲಿನ ಒಳಗಡೆ ಬೀಳೋ ನೆರಳಿಗೆ ನೀಲಿ ಬೆರೆತ ತುಂಬ ತೆಳು ಬೂದಿ, ಅದು ಪೂರ್ತಿ ಒಣಗಿದ್ಮೇಲೆ ಅಂಚಿಗೆ ಕರಟದ ಕಂದು. ಒಣಗೋಕೆ ಮುಂಚೆ ಕಂದು ಇಟ್ರೆ ಬಿಳಿಯೊಳಕ್ಕೆ ಹರಿದು ಕಾಯಿ ಕೊಳೆತ ಹಾಗೆ ಕಾಣುತ್ತೆ. ನನ್ನವು ಮೊದಲ ನಾಲ್ಕು ಕೊಳೆತವೇ. ಮಳೆಗಾಲದಲ್ಲಿ ಒಣಗೋದು ಇನ್ನೂ ನಿಧಾನ, ನಾನು ನೆರಳು ಹಾಕಿ ಕುಕ್ಕರ್ ಇಟ್ಟು ಮೂರು ಕೂಗಾದ್ಮೇಲೆ ವಾಪಸ್ ಬರ್ತೀನಿ.

ಇನ್ನೊಂದು, ದಿನಾ ಡಬ್ಬ ಬಿಚ್ಚಿ ಕಟ್ಟಿ ಮಾಡೋ ಹಾಗಿದ್ರೆ ಹತ್ತು ದಿನಕ್ಕೆ ನಿಲ್ಲುತ್ತೆ, ಬರ್ಕೊಡ್ತೀನಿ. ಒಂದು ಸ್ಟೀಲ್ ತಟ್ಟೇಲಿ ಪ್ಯಾಲೆಟ್, ಎರಡು ಬ್ರಶ್, ಹಳೇ ಬನಿಯನ್ ತುಂಡು, ನೀರಿಗೆ ಎರಡು ಲೋಟ, ಕಣ್ಣಿಗೆ ಬೀಳೋ ಕಡೆನೇ ಇರ್ಲಿ. ನಮ್ಮನೇಲಿ ಅದು ಫ್ರಿಜ್ ಮೇಲಿದೆ. ಲೋಟಕ್ಕೆ ಗುರುತು ಮಾತ್ರ ಹಾಕಿ, ನಮ್ಮತ್ತೆ ಒಂದ್ಸಲ ಅದರಲ್ಲೇ ಕಾಫಿ ಬಗ್ಗಿಸಿದ್ರು.